ಶಹಾಬಾದಿನ ಶೆಡ್ಡಿನಾಗ ಎರಡು ಗಾಡಿ

ಯಾವುದು ಚಲೋ ಅಂತ ಕೇಳ್ತೀರಿ.
ಕೂಡ್ರಿ ಮೊದಲು. ಆ ಟೈರಿನ ಮ್ಯಾಲ ಬ್ಯಾಡ, ಗ್ರೀಸದ.
ಈ ಫರಸಿ ಮ್ಯಾಲ ಕೂಡ್ರಿ, ತಂಪದ.

ಇದು ನಲವತ್ನಾಲ್ಕರ ವಿಲ್ಲೀಸ್ ಜೀಪು.
ಯುದ್ಧ ಮುಗಿದ ಮ್ಯಾಲ ಸಿಕಂದರಾಬಾದಿನ ಹರಾಜಿನಾಗ
ಖಣಿ ಸಾಹುಕಾರ ಮಾಣಿಕರೆಡ್ಡಿ ಹಿಡಿದನಂತ.
ಎಷ್ಟಕ್ಕ ಅಂದ್ರ ಊರಾಗ ಒಬ್ಬೊಬ್ಬರು ಒಂದೊಂದು ಹೇಳ್ತಾರ.
ಅದು ಜಿಪ್ಸಿ, ತೊಂಬತ್ತೇಳರದು.
ಚಿಂಚೋಳಿ ಕಾಡಿನಾಗ ಫಾರೆಸ್ಟಿನವರ ಕೈಯಾಗ ದುಡಿದು ಬಂದದ.
ಬಾಗಿಲಿಗೆ ಎರಡು ಸಲ ಬಣ್ಣ ಬಳದೀನಿ,
ಸಂಜಿ ಬಿಸಿಲು ಓರೆ ಬಿದ್ರ
‘ಅರಣ್ಯ’ ಅನ್ನೋದು ಇನ್ನಾ ಕಾಣ್ತದ.

ಜೀಪಿನ ಪೆಟ್ರೋಲ್ ಟಾಕಿ ಡ್ರೈವರನ ಕುಂಡಿ ಕೆಳಗ.
ಎಣ್ಣಿ ಹಾಕಬೇಕಂದ್ರ ಇಳೀಬೇಕು, ಸೀಟು ಎತ್ತಬೇಕು, ಬೀಡಿ ಆರಿಸಬೇಕು.
ನಮ್ಮ ಉಸ್ತಾದ ಲಾಡ್ಲೇಸಾಬ
ಅದರ ಮ್ಯಾಲ ಕೂತೇ ಮೂವತ್ತು ವರ್ಷ ಬೀಡಿ ಸೇದಿದ.
‘ಭೀಮಶ್ಯಾ, ಬೆಂಕಿಗೂ ನನ್ನ ಗುರ್ತದ’ ಅಂತಿದ್ದ.

ಜಿಪ್ಸಿ ಹಗೂರ.
ನಾಕು ಹುಡುಗರು ಹಿಂದಿನ ಬಂಪರು ಎತ್ತಿ ತಿರುವಿ ಇಡಬಹುದು.
ಶ್ರಾವಣದ ಮಳಿ ಹಿಡಿದ ಎರಿ ಹೊಲದಾಗ
ಆಡಿನ ಮರಿ ಹಂಗ ಹಾರಿಕೋತ ಹೋಗ್ತದ.
ಜೀಪು ಎಮ್ಮಿ. ಇಳೀತದ, ಹೊಟ್ಟಿತನ ಇಳೀತದ.
ನೀವು ಸಾಕಾಗಿ ಹಗ್ಗ ಹುಡುಕೋ ಹೊತ್ತಿಗೆ
ಏನೋ ನೆನಪಾದವರ ಹಂಗ
ಎದ್ದು ಬರ್ತದ.

ಖರೆ ಮಾತಂದ್ರ ಇದನ್ನ ನೋಡ್ರಿ.
ಬಾನೆಟ್ ಎತ್ತಿ, ಈ ರೆಕ್ಕಿ ನಟ್ಟು ಸಡಿಲ ಮಾಡಿ
ದೀಪ ಹಿಂಗ ಹೊಳ್ಳಸ್ರಿ:
ದಾರಿ ನೋಡೋ ಕಣ್ಣು ತನ್ನ ಎದಿಯೊಳಗ ನೋಡ್ತದ.
ಕತ್ತಲಾಗ ಕೆಟ್ಟು ನಿಂತ್ರ ಯಾರ ಕಂದೀಲಿಗೂ ಕಾಯೋದಿಲ್ಲ.
ಆ ಆರು ವೋಲ್ಟಿನ ಹಳದಿ ಬೆಳಕಿನಾಗ ನಾ ಕಲ್ತದ್ದು
ಪ್ಲಗ್ಗಿನ ಸಂದಿ ಹ್ಯಾಕ್ಸಾ ಬ್ಲೇಡಿನಷ್ಟು ಇರಬೇಕು,
ಮೂಗಿಗೆ ಪೆಟ್ರೋಲ್ ಹೊಡದ್ರ ಬಾಯಿ ಮುಚ್ಚಬೇಕು ಅನ್ನೋದು.
ಜಿಪ್ಸಿಗೆ ಆ ಬುದ್ಧಿ ಇಲ್ಲ.
ಅದಕ್ಕ ಮೊಬೈಲಿನ ಟಾರ್ಚು ಹಲ್ಲಾಗ ಕಚ್ಚಿ ಬಗ್ಗಬೇಕು.

ಇಷ್ಟು ಹೇಳಿ ಬಿಟ್ಟೆ ಅಂದ್ರ ಮೋಸ ಆಗ್ತದ.

ಒಂದು ರಾತ್ರಿ ಉಸ್ತಾದ ಇದೇ ಬೆಳಕಿನಾಗ
ಎದಿ ಹಿಡ್ಕೊಂಡು ಕುಸಿದ.
ನಾ ಜೀಪಿನ ಕಡಿ ಓಡಿದೆ, ರೂಢಿ.
ಅವ ಬಾಯಿ ಬಿಡಲಿಲ್ಲ. ಬಟ್ಟು ಎತ್ತಿ ತೋರಿಸ್ದ,
ಜಿಪ್ಸಿ.
ಕಾಗಿಣಾ ದಂಡಿಯ ಗಾಳಿ ಹಿಂದಿನ ತಾಡಪತ್ರಿ ಪಟಪಟ ಬಡೀತಿತ್ತು,
ಕಲಬುರ್ಗಿ ದವಾಖಾನಿ ಬಾಗಿಲತನ ಐದನೇ ಗೇರು.
ಬದುಕಿದ. ಮತ್ತ ನಾಕು ವರ್ಷ ಬೈದ ನನ್ನ.

ಬಂದ ದಿನ ಜೀಪಿನ ಬಾನೆಟ್ ಮ್ಯಾಲ ಕೈ ಇಟ್ಟು
ಭಾಳ ಹೊತ್ತು ನಿಂತಿದ್ದ.
ಏನು ಹೇಳ್ಯಾನೋ. ನಾ ಪಂಚರ್ ನೋಡೋ ನೆಪ ಮಾಡ್ದೆ.

ಹಾಂ, ಜಿಪ್ಸಿಗೆ ಕೀಲಿ ಅದ, ಇಲ್ಲೇ ಮೊಳಿಗೆ.
ಜೀಪಿಗೆ ಮೊದಲಿಂದ ಕೀಲಿನೇ ಇಲ್ಲ.
ಸ್ವಿಚ್ ತಿರುವಿ, ಕಾಲಿಲೆ ಗುಂಡಿ ಒತ್ತಿದ್ರ ಆಯ್ತು,
ಯಾರು ಬೇಕಾದ್ರೂ ಒಯ್ಯಬಹುದಿತ್ತು.

ಒಯ್ದಿಲ್ಲ ನೋಡ್ರಿ.
ಚಾ ಆರ್ತದ, ತಗೋರಿ.