ನಾಲ್ಕನೆಯ ಪ್ರಶ್ನೆ

"ಕಳೆದ ಎರಡು ವಾರದಲ್ಲಿ
ಎಷ್ಟು ರಾತ್ರಿ ನಿದ್ದೆಯಿಲ್ಲ?"
ಲಿಮಾ ನಗರದ ಅಂಚಿಗೆ, ಹುಲ್ಲೂ ಹುಟ್ಟದ ಬೂದುಗುಡ್ಡದಲ್ಲಿ
ಹಲಗೆಮನೆಯ ಬಾಗಿಲಿಗೆ ನಿಂತು ಕೇಳಿದ್ದೆ.
ಕೈಯಲ್ಲಿ ನಮೂನೆ,
ಬೂಟಿನೊಳಗೆ ಅರ್ಧ ಗುಡ್ಡ.

ಎರ್ಮೆಲಿಂದಾ ಆಲೂಗಡ್ಡೆ ಸುಲಿಯುತ್ತಲೇ ಇದ್ದಳು.
"ನಿದ್ದೆ ಬರುತ್ತೆ ಮಗಳೇ. ನೀರೂ ಬರುತ್ತೆ.
ಎರಡೂ ಬರೋದು ರಾತ್ರಿ ಮೂರಕ್ಕೇ.
ನೀನೇ ಹೇಳು, ಯಾರಿಗೆ ಬಾಗಿಲು ತೆಗೀಲಿ?"

ನನ್ನಲ್ಲಿದ್ದದ್ದು ನಾಲ್ಕು ಖಾನೆ:
ಇಲ್ಲ, ಅಪರೂಪಕ್ಕೆ, ಆಗಾಗ, ದಿನಾ.
ಟ್ಯಾಂಕರಿಗೆ ಖಾನೆ ಇರಲಿಲ್ಲ.

ಆ ಸಾಲಿನಲ್ಲಿ ಹದಿಮೂರು ಹೆಂಗಸರಿಗೆ
'ದಿನಾ' ಎಂದು ಗುರುತು ಹಾಕಿದ್ದೆ.
ಕೆಳಗಿನ ಆಸ್ಪತ್ರೆಯವರು ಎಲ್ಲರಿಗೂ ಬರೆದದ್ದು ಒಂದೇ ಗುಳಿಗೆ,
ಬಿಳಿಯದು, ಮುರಿಯಲು ನಡುವೆ ಗೀರು.
ತನ್ನೊಬ್ಬಳದೇ ತಲೆ ಕೆಟ್ಟಿದೆಯೆಂದು
ಒಬ್ಬೊಬ್ಬಳೂ ಅದನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು.

ಕಾಗದ ತಿರುವಿ ಹಾಕಿದೆ.
ಕೇರಿಯ ಅಡುಗೆಕೊಟ್ಟಿಗೆಯ ಬೆಂಚಿನ ಮೇಲೆ, ಅದರ ಬೆನ್ನಿಗೆ,
ಓದು ಬಾರದ ಸೆನೋಬಿಯಾ ಬೆರಳಿಗೆ ಮಸಿ ಮೆತ್ತಿ
ಟ್ಯಾಂಕರಿನ ದಾರಿ ಎಳೆದಳು.
ಯಾರೋ ಮೆಟ್ಟಿಲು ಎಣಿಸಿ ಬಂದರು: ಇನ್ನೂರ ಹನ್ನೊಂದು.
"ಅಯ್ಯೋ, ನೀನೂ ಎದ್ದಿರ್ತೀಯಾ?"
"ನೀನೂನಾ?"
ಆಮೇಲೆ ಎದ್ದ ನಗುವನ್ನು
ಯಾವ ಪ್ರಶ್ನೆಯ ಕೆಳಗೆ ಬರೆಯಲಿ, ತಿಳಿಯಲಿಲ್ಲ.

ಮುಂದಿನದು ಬೇಸರದ ಕಥೆ:
ಅರ್ಜಿ, ಮೊಹರು, ಸಾಹೇಬರಿಲ್ಲ, ಸೋಮವಾರ ಬನ್ನಿ.
ಮೂರನೆಯ ಸಲ ನನ್ನನ್ನು ಬೇಡವೆಂದರು.
"ನೀನಿದ್ದರೆ ಅವನು ನಿನ್ನ ಮುಖ ನೋಡ್ತಾನೆ,
ನಾವು ಮಾತಾಡಿದ್ದು ಗೋಡೆಗೆ."
ಹೊರಗೆ ನಿಂತೆ, ಬಿಸಿಲಲ್ಲಿ,
ಅವರ ಚೀಲಗಳನ್ನು ಕಾಯುತ್ತ.
ಅಷ್ಟು ಓದಿದ್ದಕ್ಕೆ
ಅದೇ ನನ್ನ ಒಳ್ಳೆಯ ಕೆಲಸವಿರಬೇಕು.

ಈಗ ಟ್ಯಾಂಕರು ಬೆಳಗಿನ ಏಳಕ್ಕೆ.
ಎರ್ಮೆಲಿಂದಾಗೆ ಮಾತ್ರ ಈಗಲೂ ಮೂರಕ್ಕೇ ಎಚ್ಚರ.
ಗಣಿಗೆ ಹೋದ ಮಗ ಫೋನು ಮಾಡಿ ವರ್ಷವಾಯಿತು.
ಅದಕ್ಕೆ ಯಾವ ಕಚೇರಿ, ಎಷ್ಟು ಮೊಹರು?

ವರದಿಯ ಕೊನೆಗೆ 'ಪರಿಣಾಮ' ಎಂದಿದೆ, ಎರಡು ಸಾಲಿನ ಜಾಗ.
ಬರೆಯಲಾಗದೆ ಒಂದು ರಾತ್ರಿ ಅಲ್ಲೇ ಉಳಿದೆ.
ಮೂರು ಗಂಟೆ. ಮಂಜು. ಒಂದು ನಾಯಿ.
ಮೆಟ್ಟಿಲ ಮೇಲೆ ಕೂತು ಎಣಿಸಿದೆ:
ಹನ್ನೆರಡು ಕಿಟಕಿ ಕತ್ತಲು,
ಗೊರಕೆ ಕೇಳುವಷ್ಟು ಕತ್ತಲು.
ಹದಿಮೂರನೆಯದರಲ್ಲಿ ದೀಪ.
ಒಳಗೆ ಎರಡು ನೆರಳು,
ಎರಡು ಲೋಟ.