ಒತ್ತಕ್ಷರ

ಶಿಡ್ಲಘಟ್ಟದ ರೀಲಿಂಗ್ ಯಂತ್ರಕ್ಕೆ
ಹದಿನೆಂಟು ವರ್ಷ ಕಿವಿಗೊಟ್ಟು
ಕಿವಿಯನ್ನು ಅಲ್ಲೇ ಬಿಟ್ಟು ಬಂದಳು ಅಮ್ಮಿ.
ಈಗ ಸಿನಿಮಾ ಓದುತ್ತಾಳೆ,
ನನ್ನ ಆಪ್‌ನಲ್ಲಿ, ಪರದೆಯ ಅಡಿಬರಹದಲ್ಲಿ.

ಪ್ಲೇಯರ್ ನನ್ನದಲ್ಲ. ಯಾರೋ ಬರೆದು
ಬೀದಿನಲ್ಲಿಯ ಹಾಗೆ ಎಲ್ಲರಿಗೂ ಬಿಟ್ಟದ್ದು.
ಒತ್ತಕ್ಷರ ಮಾತ್ರ ಕಳಚಿ ಬೀಳುತ್ತಿತ್ತು:
ಕಣ್ಣು ಒಡೆದು ಕಣ್‌ಣು.

ಬಿಸಿನೀರಲ್ಲಿ ಗೂಡಿನ ಎಳೆತುದಿ ಹುಡುಕುವಂತೆ
ಮೂರು ರಾತ್ರಿ ಕೋಡ್ ಕೆದಕಿದೆ.
ಸಿಕ್ಕಿದ್ದು ಒಂದೇ ಸಾಲು.
ತಿದ್ದಿದೆ. ಅವರಿಗೇ ಕಳಿಸಿದೆ.

“ಯಾವ ಲಿಪಿ ಇದು? ಬಳೆ ಜೋಡಿಸಿಟ್ಟ ಹಾಗಿದೆ”
ಎಂದು ಕೇಳಿ, ಸೇರಿಸಿಕೊಂಡರು
ಊರು ಹೇಳದ ಒಬ್ಬರು.

ಅಮ್ಮಿಗೆ ತೋರಿಸಿದೆ.
ಸುಕ್ಕುಗಟ್ಟಿದ ಬೆರಳನ್ನು
ಕಣ್ಣು ಮೇಲೆ ಇಟ್ಟು ನಿಲ್ಲಿಸಿ
ಓದಿದಳು.
“ಸಾಲು ಬೇಗ ಓಡಿಹೋಗುತ್ತೆ ಮುಬೀನಾ,
ಅವರಿಗೆ ಇದನ್ನೂ ಹೇಳು.”