ಹೆಗಲ ಮೇಲಿಂದ

ಮೂವತ್ತೊಂದು ವರ್ಷದಿಂದ
ಈ ಊರಿಗೆ ಬೆನ್ನು ಹಾಕಿಯೇ ಕೂತಿದ್ದೇನೆ.
ಮುಖಗಳು ಅಷ್ಟಾಗಿ ಗೊತ್ತಿಲ್ಲ ನನಗೆ.
ಗೊತ್ತಿರುವುದು ಕೈಗಳು.

ಕುತಾಯ್ಸಿ ಅಂಥ ದೊಡ್ಡ ಊರೇನಲ್ಲ.
ಹಸಿರು ಬಜಾರಿನಲ್ಲಿ ಹೊರಟರೆ
ಬಿಳಿ ಸೇತುವೆ, ಆಸ್ಪತ್ರೆ, ಎರಡು ಶಾಲೆ,
ಆಮೇಲೆ ಲಾರಿ ಕಾರ್ಖಾನೆ ಸ್ಟಾಪು.
ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು,
ಸ್ಟಾಪಿನ ಹೆಸರು ಮಾತ್ರ
ಇನ್ನೂ ದಿನಾ ಕೆಲಸಕ್ಕೆ ಹೋಗುತ್ತದೆ.
ಹದಿನೆಂಟು ಸೀಟಿನ ಹಳದಿ ವ್ಯಾನು.
ಸಂಜೆ ಐದಕ್ಕೆ ಒಳಗೆ ಎಷ್ಟು ಜನ ಅಂತ ಕೇಳಬೇಡಿ.

ಚಾರ್ಜು ಕೊಡುವುದು ಇಳಿಯುವ ಮೊದಲು.
ಹಿಂದಿನ ಸೀಟಿನವನು ಎದ್ದು ಬರುವಂತಿಲ್ಲ,
ನಾಣ್ಯವನ್ನೇ ಕಳಿಸುತ್ತಾನೆ.
ಊಟದ ಮೇಜಿನಲ್ಲಿ ಉಪ್ಪಿನ ಬಟ್ಟಲು ಸಾಗಿದ ಹಾಗೆ
ಅಂಗೈಯಿಂದ ಅಂಗೈಗೆ ಬೆಚ್ಚಗಾಗುತ್ತ ಬಂದು
ಕೊನೆಗೆ ನನ್ನ ಬಲ ಹೆಗಲ ಮೇಲಿಂದ ಒಂದು ಕೈ:
"ಒಬ್ಬರದು." "ಇಬ್ಬರದು, ಸೇತುವೆಯಿಂದ."
ಚಿಲ್ಲರೆ ಅದೇ ದಾರಿಯಲ್ಲಿ ವಾಪಸು.
ಒಂದು ತೆತ್ರಿಯೂ ನಡುವೆ ಕಳೆದದ್ದು ನಾ ಕಾಣೆ.
ಒಮ್ಮೆ ಒಂದು ಅಂಗಿಗುಂಡಿ ಜೊತೆಗೂಡಿ ಬಂತು,
ಅದು ಯಾರದೂ ಅಲ್ಲವಂತೆ.

ಹಿಟ್ಟಿನ ಕೈ ಬೇಕರಿಯ ನಾನುಲಿ.
ಉಗುರಲ್ಲಿ ಗ್ರೀಸು, ಟೈರಿಗೆ ತೇಪೆ ಹಚ್ಚುವ ಹುಡುಗ.
ಆಸ್ಪತ್ರೆ ಸ್ಟಾಪಿನಿಂದ ಹತ್ತಿದ ಕೈಗಳು
ನಾಣ್ಯವನ್ನು ಸ್ವಲ್ಪ ಹೆಚ್ಚೇ ಬಿಗಿ ಹಿಡಿದಿರುತ್ತವೆ.
ನನ್ನ ಮಾಕ್ವಾಲಳನ್ನು ಮಣ್ಣು ಮಾಡಿದ ವಾರ
ಒಂದು ಕೈ, ದುಡ್ಡು ಕೊಟ್ಟ ಮೇಲೂ
ಹೆಗಲ ಮೇಲೇ ಉಳಿಯಿತು, ಎರಡು ಸ್ಟಾಪು.
ಯಾರದೆಂದು ಕನ್ನಡಿಯಲ್ಲಿ ನೋಡಲಿಲ್ಲ.

ಗುಡ್ಡದ ಮೇಲಿನ ಇಗರ್ಜಿ ಕಂಡಾಗ
ಎಲ್ಲ ಕೈಗಳೂ ಒಟ್ಟಿಗೆ ಎದೆಗೆ ಹೋಗುತ್ತವೆ,
ಮೂರು ಸಲ ಶಿಲುಬೆ.
ಆಗ ದಾರಿಯಲ್ಲಿದ್ದ ನಾಣ್ಯವೂ
ಶಿಲುಬೆ ಬರೆದುಕೊಂಡೇ ನನಗೆ ತಲುಪುತ್ತದೆ.
ನನ್ನೆರಡು ಕೈ ಸ್ಟೀರಿಂಗಿನ ಮೇಲೆ.
ಅಲ್ಲೊಂದು ಕೆಟ್ಟ ತಿರುವಿದೆ, ದೇವರಿಗೂ ಗೊತ್ತು.

ಬುಧವಾರದ ಕೈ ಬೇರೆ.
ಅಕ್ರೋಟಿನ ಹಸಿ ಸಿಪ್ಪೆ ಸುಲಿದು ಕಪ್ಪಾದ ಬೆರಳು,
ಐವತ್ತು ಇರಬೇಕಾದಲ್ಲಿ ಮೂವತ್ತು.
ಎಣಿಸಿದ ಹಾಗೆ ಮಾಡಿ ಡಬ್ಬಿಗೆ ಹಾಕುತ್ತೇನೆ.
ಹೆಸರು ಕೇಳಿಲ್ಲ.
ತಿಳಿದುಬಿಟ್ಟರೆ ಅದು ಸಾಲವಾಗುತ್ತದೆ.

ಈ ಸೆಪ್ಟೆಂಬರಿನಲ್ಲಿ ನಗರಸಭೆ ಯಂತ್ರ ಕೂರಿಸಿತು,
ಬಾಗಿಲ ಪಕ್ಕ, ನೀಲಿ.
ಕಾರ್ಡು ತೋರಿಸಿದರೆ ಹಸಿರು, ಪೀಂ.
ಕಾರ್ಡಿನಲ್ಲಿ ದುಡ್ಡಿಲ್ಲವಾದರೆ ಕೆಂಪು, ಪೀಂ ಪೀಂ,
ಕಟ್ಟಕಡೆಯ ಸೀಟಿಗೂ ಕೇಳಿಸುವಂತೆ.
ಒಳ್ಳೆಯದೇ. ಲೆಕ್ಕ ಪಕ್ಕಾ,
ರಾತ್ರಿ ಕೂತು ಚಿಲ್ಲರೆ ಎಣಿಸುವುದು ತಪ್ಪಿತು.
ಮೊದಲೆಲ್ಲ ನನ್ನ ಅಂಗಿ
ಬಲ ಹೆಗಲಲ್ಲೇ ಮೊದಲು ಸವೆಯುತ್ತಿತ್ತು.
ಈಗ ಎರಡೂ ಕಡೆ ಸಮ.

ಮೊದಲ ಬುಧವಾರವೇ ಆಯಿತು.
ಪೀಂ ಪೀಂ.
ಎಲ್ಲರೂ ಅತ್ತ ತಿರುಗಿದರು, ನಾನೂ.
ಇಷ್ಟು ವರ್ಷಕ್ಕೆ ಆ ಕೈಗೆ ಮುಖ ಕಂಡಿತು.
ಕಾಣಬಾರದಿತ್ತು.
ಬುಟ್ಟಿ ಎತ್ತಿಕೊಂಡು ಇಳಿದೇ ಹೋದಳು,
ಮಾರುಕಟ್ಟೆಗೆ ಮೂರು ಕಿಲೋಮೀಟರು.

ಮುಂದಿನ ಬುಧವಾರದಿಂದ
ಯಂತ್ರದ ಮೇಲೆ ನನ್ನ ಟೊಪ್ಪಿ.
ಇನ್‌ಸ್ಪೆಕ್ಟರ್ ವಾಜಾ ಬಂದು ಕೇಳಿದ:
"ಬುಧವಾರವೇ ಯಾಕಪ್ಪ ಕೆಡುತ್ತದೆ?"
"ತೇವ," ಅಂದೆ. "ನದಿ ಕಡೆಯ ಗಾಳಿ."
ಅವನು ಬರೆದುಕೊಂಡ, ತೇವ ಅಂತಲೇ.
ಇಳಿಯುವಾಗ ಹೆಗಲು ತಟ್ಟಿದನೋ
ಆಧಾರಕ್ಕೆ ಹಿಡಿದನೋ, ಹೇಳಲಾರೆ.

ಮೊನ್ನೆ ಹಿಂದಿನಿಂದ ಮೂವತ್ತು ತೆತ್ರಿ ಬಂತು,
ಜೊತೆಗೊಂದು ಅಕ್ರೋಟು.
ಏಳು ಕೈ ದಾಟಿದ್ದರೂ ಯಾರೂ ಒಡೆದಿರಲಿಲ್ಲ.
ಡಿಪೋದಲ್ಲಿ ಬಾಗಿಲ ಸಂದಿಗಿಟ್ಟು ಒಡೆದೆ.
ಅರ್ಧ ಹುಳುಕು.
ಇನ್ನರ್ಧ ತಿಂದೆ.